ಆಕಳಿಗೆ ಆ್ಯಂಟಿಬಯೋಟಿಕ್ ಕೊಟ್ಟಾಗ ಮನೆಯ ಹೆಪ್ಪು ಕಾಪಾಡುವ ಕ್ರಮ

ನಮ್ಮ ಶಿರಸಿ ಕಡೆ ಮನೆಗಳಲ್ಲಿ ದೋಸೆ ಹಿಟ್ಟು ಎಷ್ಟೇ ಹುಳಿ ಬಂದಿರಲಿ, ಕಾವಲಿ ಮೇಲೆ ಬೇಯುತ್ತದೆ. ಮೊಸರು, ಮಜ್ಜಿಗೆ, ತಂಬುಳಿ ಹಾಗಲ್ಲ. ಅವುಗಳಲ್ಲಿರುವ ಬ್ಯಾಕ್ಟೀರಿಯಾ ಜೀವಂತವಾಗಿಯೇ ಹೊಟ್ಟೆ ಸೇರುತ್ತವೆ. ನಿನ್ನೆಯ ಮೊಸರೇ ಇವತ್ತಿನ ಹೆಪ್ಪು. ಔಷಧಕ್ಕೆ ಬಗ್ಗದ, ಅಂದರೆ ಅದರಿಂದ ಸಾಯದ ಬ್ಯಾಕ್ಟೀರಿಯಾ ಒಮ್ಮೆ ಸೇರಿಕೊಂಡರೆ ಗಡಿಗೆಯಿಂದ ಗಡಿಗೆಗೆ ದಾಟುತ್ತಾ ಹೋಗಬಹುದು. ಅದಕ್ಕೇ ಕೊಟ್ಟಿಗೆಯಲ್ಲಿ ಔಷಧ ಶುರುವಾದರೆ ನಾನು ಮೊದಲು ಅಡುಗೆಮನೆಗೆ ಹೋಗುತ್ತೇನೆ.

ಕೆಚ್ಚಲು ಬಾವು ಬಂದು ಡಾಕ್ಟರು ಮೊಲೆಗೆ ಔಷಧದ ಟ್ಯೂಬ್ ಏರಿಸುವ ಮೊದಲೇ ಸ್ವಲ್ಪ ಒಳ್ಳೆಯ ಮೊಸರನ್ನು ಕುದಿನೀರಲ್ಲಿ ತೊಳೆದ ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಆಮೇಲೆ ಕೇಳಿ: ಕೊನೆಯ ಡೋಸ್ ಆಗಿ ಎಷ್ಟು ದಿನ ಹಾಲು ಬಳಸಬಾರದು? ಔಷಧದಿಂದ ಔಷಧಕ್ಕೆ ಆ ಲೆಕ್ಕ ಬೇರೆ. ಕ್ಯಾಲೆಂಡರಿನಲ್ಲಿ ಹೊತ್ತು ಸಮೇತ ಬರೆದಿಡಿ. ಬಾವು ಒಂದೇ ಮೊಲೆಗೆ ಬಂದಿದ್ದರೂ ನಾಲ್ಕರ ಹಾಲನ್ನೂ ಬಿಡಬೇಕು, ಔಷಧ ರಕ್ತದಲ್ಲಿ ಹರಿದು ಉಳಿದವಕ್ಕೂ ಸೇರುತ್ತದೆ. ಡೇರಿಗೂ ಹಾಕಬೇಡಿ, ಊರಿನವರೆಲ್ಲರ ಹಾಲು ಅಲ್ಲಿ ಒಂದಾಗುತ್ತದೆ.

"ಕಾಸಿರೆ ಎಂತದೂ ಆಗ್ತಿಲ್ಲೆ ತಂಗಿ" ಎನ್ನುತ್ತಾರೆ ಪಕ್ಕದ ಮನೆ ದೊಡ್ಡಮ್ಮ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ನಿಜ. ಆದರೆ ಪೆನಿಸಿಲಿನ್, ಟೆಟ್ರಾಸೈಕ್ಲಿನ್‌ನಂಥ ಔಷಧದ ಬಹುಪಾಲು ಹಾಲಿನಲ್ಲೇ ಉಳಿಯುತ್ತದೆ. ಮೊಸರು ಗಟ್ಟಿಯಾಯಿತು, ಹಾಗಾದರೆ ಔಷಧವಿಲ್ಲ ಎಂದೂ ನಂಬಬೇಡಿ. ಔಷಧ ಹೆಚ್ಚಿದ್ದರೆ ಹೆಪ್ಪು ಹಿಡಿಯುವುದೇ ಇಲ್ಲ; ಅಲ್ಪಸ್ವಲ್ಪ ಇದ್ದರೆ ಹಿಡಿಯುತ್ತದೆ. ನನಗೆ ಹೆಚ್ಚು ಭಯ ಈ ಎರಡನೆಯದರದ್ದು. ಔಷಧಕ್ಕೆ ಬಗ್ಗುವ ಬ್ಯಾಕ್ಟೀರಿಯಾ ಸೊರಗಿ, ಬಗ್ಗದವಕ್ಕೆ ಜಾಗ ಸಿಗುವುದು ಅಲ್ಲೇ.

ಹಾಗೆಂದು ಮೊಸರಿಗೇ ಹೆದರಬೇಕಿಲ್ಲ. ಮೊಸರಿನಲ್ಲಿರುವ ಬ್ಯಾಕ್ಟೀರಿಯಾಗಳಾದ ಹಲವು ಲ್ಯಾಕ್ಟೋಬ್ಯಾಸಿಲಸ್‌ಗಳಿಗೆ ವ್ಯಾಂಕೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ಹುಟ್ಟಿನಿಂದಲೇ ನಾಟುವುದಿಲ್ಲ, ಅವುಗಳ ಕೋಶಭಿತ್ತಿಯ ರಚನೆಯೇ ಹಾಗೆ. ಆ ಗುಣ ಬೇರೆ ಬ್ಯಾಕ್ಟೀರಿಯಾಕ್ಕೆ ಹಾರುವಂಥದ್ದಲ್ಲ. ಹಾರುವುದು, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಪ್ಲಾಸ್ಮಿಡ್‌ನಂಥ ಡಿಎನ್ಎ ತುಣುಕಿನ ಮೇಲಿರುವ ಜೀನ್. ಟೆಟ್ರಾಸೈಕ್ಲಿನ್, ಎರಿಥ್ರೋಮೈಸಿನ್‌ಗಳನ್ನು ಎದುರಿಸುವ ಅಂಥ ಜೀನ್‌ಗಳು ಎಂಟೆರೋಕಾಕಸ್‌ನಲ್ಲಿ ಸಿಗುತ್ತವೆ, ಆ ಬ್ಯಾಕ್ಟೀರಿಯಾದ ವಾಸ ದನದ ಕರುಳು. ಸಗಣಿ ಮುಟ್ಟಿದ ಕೈಯಿಂದ ಹಾಲಿಗೆ ಬರುವುದು ಸುಲಭ. ಕಾಸಿದ ಹಾಲು ಉಗುರುಬೆಚ್ಚಗಾಯಿತೇ ಎಂದು ಬೆರಳದ್ದಿ ನೋಡುತ್ತೇವಲ್ಲ, ಆ ಅಭ್ಯಾಸ ಬಿಡಿ. ಪಾತ್ರೆಯ ಹೊರಮೈ ಮುಟ್ಟಿದರೆ ಸಾಕು, ಹೆಪ್ಪಿಗೆ ಒಣ ಚಮಚ.

ಬಿಟ್ಟ ಹಾಲನ್ನು ಕರುವಿಗೆ ಕುಡಿಸಬೇಡಿ. ಚೆಲ್ಲಲು ಮನಸ್ಸು ಬರುವುದಿಲ್ಲ, ನನಗೂ ಬರುವುದಿಲ್ಲ, ಆದರೆ ಕರುವಿನ ಕರುಳಿನಲ್ಲೂ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಬಾವಿ, ಹಳ್ಳ, ಗೊಬ್ಬರಗುಂಡಿಗಳಿಂದ ದೂರ ಕುಳಿ ತೆಗೆದು ಸುರಿದು ಮಣ್ಣು ಮುಚ್ಚಿ.

ಬಾಟಲಿಯ ಹೆಪ್ಪು ಫ್ರಿಜ್ಜಿನಲ್ಲಿ ಒಂದು ವಾರ ತಡೆಯುತ್ತದೆ. ಹಾಲು ಬಿಡುವ ಅವಧಿ ಅದಕ್ಕಿಂತ ಉದ್ದವಾದರೆ ಔಷಧ ನಡೆಯದ ಮನೆಯ ಹಾಲು ತಂದು ನಡುವೆ ಒಮ್ಮೆ ಹೊಸ ಮೊಸರು ಮಾಡಿಕೊಳ್ಳಿ. ವಾಸನೆ ಬದಲಾದರೆ ಚೆಲ್ಲಿ, ಅದೇ ಮನೆಯಿಂದ ಹೆಪ್ಪು ಕೇಳಿ ತನ್ನಿ. ಹಸಿಮೆಣಸಿನ ತೊಟ್ಟು ಹಾಕಿಯೂ ಮೊಸರು ಮಾಡುತ್ತಾರೆ, ನಾನು ಮಾಡುವುದಿಲ್ಲ. ಅದರ ಮೇಲೆ ಯಾವ ಬ್ಯಾಕ್ಟೀರಿಯಾ ಕೂತಿದೆಯೋ ಯಾರಿಗೆ ಗೊತ್ತು.

ಉಳಿದ ಟ್ಯೂಬನ್ನು ಮುಂದೆ ಬಾವು ಬಂದಾಗ ಬೇಕಾದೀತೆಂದು ಮಾಡಿನ ಸಂದಿಯಲ್ಲಿ ಸಿಕ್ಕಿಸಿಡಬೇಡಿ, ಡಾಕ್ಟರಿಗೇ ತಿರುಗಿ ಕೊಡಿ. ದನ, ಕೋಳಿಗಳಿಗೆಂದು ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ ತಯಾರಿಸಿ ಮಾರುವುದನ್ನು ಸರಕಾರ 2019ರಲ್ಲೇ ನಿಷೇಧಿಸಿದೆ; ಹಳೆಯ ಪೊಟ್ಟಣ ಮನೆಯಲ್ಲಿದ್ದರೆ ಅದನ್ನೂ ಜೊತೆಗೇ ಕೊಟ್ಟುಬಿಡಿ.