ಸೀಸದ ಗುಂಡು ತಾನಾಗಿ ಯಾಕೆ ಮೇಲೆ ಹಾರಲ್ಲ?

ಪಿಯುಸಿ ಮಕ್ಕಳಿಗೆ ನಾನು ಥರ್ಮೋಡೈನಮಿಕ್ಸ್ (ಶಾಖ, ಕೆಲಸ, ಶಕ್ತಿಗಳ ಲೆಕ್ಕ) ಶುರು ಮಾಡುವುದು ಒಂದು ಪಿವಿಸಿ ಪೈಪಿನಿಂದ. ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದದ ಪೈಪು, ಒಳಗೆ ಎರಡು ಹಿಡಿ ಸೀಸದ ಸಣ್ಣ ಗುಂಡು, ಎರಡೂ ತುದಿಗೆ ಬಿರಡೆ. ಗುಂಡುಗಳ ತಾಪಮಾನ ಬರೆದುಕೊಂಡು, ಪೈಪನ್ನು 50 ಸಲ ತಲೆಕೆಳಗು ಮಾಡಿಸುತ್ತೇನೆ. ಕೈ ಚುರುಕಾಗಿರಬೇಕು. ನಿಧಾನ ಮಾಡಿದರೆ ಗುಂಡು ಬೀಳುವುದಿಲ್ಲ, ಸುಮ್ನೆ ಜಾರುತ್ತದೆ. (ಮುಗಿದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಲೇಬೇಕು. ಸೀಸ ವಿಷ.)

ಥರ್ಮಾಮೀಟರ್ ನೋಡುವ ಮೊದಲು ಲೆಕ್ಕ. ಒಂದು ಕಿಲೋ ಸೀಸ ಒಂದು ಮೀಟರ್ ಬಿದ್ದರೆ 9.8 ಜೂಲ್. 50 ಸಲಕ್ಕೆ 490. ಒಂದು ಕಿಲೋ ಸೀಸವನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 128 ಜೂಲ್ ಸಾಕು. ಭಾಗಿಸಿದರೆ 3.8 ಡಿಗ್ರಿ. ಅಳೆದಾಗ ಸಿಗುವುದು ಇದಕ್ಕಿಂತ ಕಡಿಮೆ. ಪೈಪು, ಬಿರಡೆ, ಥರ್ಮಾಮೀಟರ್ ಎಲ್ಲವೂ ತಮ್ಮ ಪಾಲು ತೆಗೆದುಕೊಳ್ಳುತ್ತವೆ.

"ಗುಂಡು ಅರ್ಧ ಮಾಡಿದರೆ?" ಅಂತ ಕೇಳುತ್ತೇನೆ. ಏರಿಕೆಯೂ ಅರ್ಧ ಎನ್ನುವವರೇ ಹೆಚ್ಚು. ಆದರೆ ದ್ರವ್ಯರಾಶಿ ಸಮೀಕರಣದ ಎರಡೂ ಕಡೆ ಇದೆ, ಹೊಡೆದುಹೋಗುತ್ತದೆ. ಇದೇ ಲೆಕ್ಕ ಹಿಡಿದರೆ ಜೋಗದಲ್ಲಿ 253 ಮೀಟರ್ ಬೀಳುವ ನೀರು ಬಿಸಿಯಾಗಬೇಕಾದ್ದು ಸುಮಾರು 0.6 ಡಿಗ್ರಿ ಮಾತ್ರ, ಯಾಕೆಂದರೆ ನೀರನ್ನು ಬಿಸಿ ಮಾಡಲು ಸೀಸಕ್ಕಿಂತ ತುಂಬಾ ಹೆಚ್ಚು ಜೂಲ್ ಬೇಕು. ದಾರಿಯಲ್ಲಿ ಆವಿಯಾಗಿ ತಣ್ಣಗಾಗುವುದು ಬೇರೆ ಮಾತು.

ಈಗ ಮುಖ್ಯ ಪ್ರಶ್ನೆ. ಗುಂಡಿಗೆ ನಾವು ಶಾಖ ಕೊಟ್ಟೆವಾ? ಇಲ್ಲ, ಕೆಲಸ ಮಾಡಿದೆವು ಅಷ್ಟೇ. ಒಲೆಯಿಲ್ಲದೆಯೇ ಒಳಗಿನ ಶಕ್ತಿ ಏರಿತು. ಮೊದಲ ನಿಯಮ ಇಲ್ಲಿಯೇ ಸಿಕ್ಕಿತು: ಒಳಗಿನ ಶಕ್ತಿ ಶಾಖದಿಂದಲೂ ಏರಬಹುದು, ಕೆಲಸದಿಂದಲೂ ಏರಬಹುದು, ಒಟ್ಟು ಶಕ್ತಿಯ ಲೆಕ್ಕ ಮಾತ್ರ ತಪ್ಪುವುದಿಲ್ಲ. ಕೆಲಸಕ್ಕೆ ಪ್ಲಸ್ಸೋ ಮೈನಸ್ಸೋ ಎಂಬ ಚಿಹ್ನೆಯ ಗೊಂದಲವನ್ನೂ ಈಗಲೇ ಬಿಡಿಸುತ್ತೇನೆ. ಫಿಸಿಕ್ಸ್ ಪುಸ್ತಕದಲ್ಲಿ ವ್ಯವಸ್ಥೆ (ಇಲ್ಲಿ ಗುಂಡುಗಳು) ಮಾಡಿದ ಕೆಲಸ ಪ್ಲಸ್, ಕೆಮಿಸ್ಟ್ರಿಯಲ್ಲಿ ವ್ಯವಸ್ಥೆಯ ಮೇಲೆ ಮಾಡಿದ ಕೆಲಸ ಪ್ಲಸ್. ಅದೇ ಮಕ್ಕಳು ಒಂದೇ ವಾರದಲ್ಲಿ ಎರಡನ್ನೂ ಓದುತ್ತಾರೆ, ಪಾಪ. ಗುಂಡಿನ ಲೆಕ್ಕವನ್ನು ಎರಡೂ ರೀತಿಯಲ್ಲಿ ಬರೆಸಿದರೆ ಉತ್ತರ ಒಂದೇ ಬರುತ್ತದೆ.

ಯಾವ ಬದಲಾವಣೆ ತಾನಾಗಿ ಆಗುತ್ತದೆ, ಯಾವುದು ಆಗುವುದಿಲ್ಲ ಎನ್ನುವ ಎರಡನೇ ನಿಯಮಕ್ಕೂ ಅದೇ ಪೈಪು. ಗುಂಡು 0.08 ಡಿಗ್ರಿ ತಣ್ಣಗಾದರೆ ಸಾಕು, ಒಂದು ಮೀಟರ್ ಮೇಲೆ ಹಾರುವಷ್ಟು ಶಕ್ತಿ ಸಿಗುತ್ತದೆ. ಹಾಗಾದರೆ ಯಾಕೆ ಹಾರಲ್ಲ? ಮೊದಲ ನಿಯಮ ಅದನ್ನು ತಡೆಯುವುದಿಲ್ಲ, ಅಲ್ವಾ? ಬಿದ್ದಾಗ ಎಲ್ಲ ಕಣಗಳೂ ಒಂದೇ ದಿಕ್ಕಿಗೆ ಹೋಗುತ್ತಿದ್ದವು. ಈಗ ದಿಕ್ಕಿಲ್ಲದೆ ಅದುರುತ್ತಿವೆ. ಅಷ್ಟೂ ಕಣಗಳು ಮತ್ತೆ ಒಟ್ಟಿಗೆ ಮೇಲ್ಮುಖವಾಗುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. 1865ರಲ್ಲಿ ವಿಜ್ಞಾನಿ ಕ್ಲಾಸಿಯಸ್ ಹೆಸರಿಟ್ಟ ಎಂಟ್ರೊಪಿಯನ್ನು (ಶಕ್ತಿ ಹೀಗೆ ಎಷ್ಟು ಚದುರಿದೆ ಎನ್ನುವ ಅಳತೆ) ನಾನು ಬೋರ್ಡಿನ ಮೇಲೆ ಬರೆಯುವುದು ಇಷ್ಟಾದ ಮೇಲೆಯೇ.

ಶಾಖದ ಎಂಜಿನ್ ಹೆಚ್ಚೆಂದರೆ ಎಷ್ಟು ಪಾಲು ಶಾಖವನ್ನು ಕೆಲಸವಾಗಿಸಬಲ್ಲದು ಎನ್ನುವುದೇ ಕಾರ್ನೋ ಲೆಕ್ಕ: ತಣ್ಣನೆಯ ತಾಪಮಾನವನ್ನು ಬಿಸಿಯದರಿಂದ ಭಾಗಿಸಿ, ಒಂದರಿಂದ ಕಳೆಯಿರಿ. ಅದಕ್ಕೆ ಒಂದೇ ಎಚ್ಚರಿಕೆ: ಕೆಲ್ವಿನ್ (ಸೆಲ್ಸಿಯಸ್‌ಗೆ 273 ಕೂಡಿಸಿದ್ದು). ಹಬೆ 540 ಡಿಗ್ರಿ ಸೆಲ್ಸಿಯಸ್, ಹೊರಗೆ 30 ಅಂದುಕೊಳ್ಳಿ. ಸೆಲ್ಸಿಯಸ್‌ನಲ್ಲೇ ಹಾಕಿದವರಿಗೆ ದಕ್ಷತೆ ಶೇ. 94 ಬರುತ್ತದೆ. ಸರಿಯಾದದ್ದು ಶೇ. 63. ಅದೂ ಗರಿಷ್ಠ ಮಿತಿ, ನಿಜವಾದ ವಿದ್ಯುತ್ ಸ್ಥಾವರ ಅಷ್ಟನ್ನೂ ಮುಟ್ಟುವುದಿಲ್ಲ.