ಎರಡು ಮೆಟ್ಟುಗತ್ತಿಯ ಸದ್ದು

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಒಂದು ಹಳ್ಳಿಯಲ್ಲಿ ನಾವು ಏಳು ಜನ ಸೇರಿ ಸಣ್ಣ ಸಿನಿಮಾ ಒಂದನ್ನು ಮಾಡಿದೆವು. ನನ್ನದು ಸೌಂಡ್ ಕೆಲಸ. ಕತೆ ದೊಡ್ಡದೇನಲ್ಲ. ಮಕ್ಕಳೆಲ್ಲ ಊರು ಬಿಟ್ಟಿದ್ದಾರೆ, ಅಷ್ಟು ದೊಡ್ಡ ಮನೆಯಲ್ಲಿ ಅಜ್ಜಿ ಒಬ್ಬರೇ. ಅಡಿಕೆ ಕೊಯ್ಲಿಗೆ ಆಳು ಸಿಗುವುದಿಲ್ಲ. ಕೊನೆಗೆ ಜಾರ್ಖಂಡಿನ ಹುಡುಗನೊಬ್ಬ ಬರುತ್ತಾನೆ. ಅವನಿಗೆ ಕನ್ನಡ ಬಾರದು, ಅಜ್ಜಿಗೆ ಹಿಂದಿ ಬಾರದು.

"ಮಾತು ಕಮ್ಮಿ ಇದೆ, ನಿಮಗೆ ಕೆಲಸ ಹಗುರ" ಅಂತ ನಿರ್ದೇಶಕರು ಮೊದಲ ದಿನ ಹೇಳಿದರು. ಆಗಿದ್ದು ಪೂರ್ತಿ ಉಲ್ಟಾ. ಮಾತಿದ್ದರೆ ಅದರ ಕೆಳಗೆ ಎಷ್ಟೋ ಸದ್ದು ಮುಚ್ಚಿಹೋಗುತ್ತದೆ. ಮಾತಿಲ್ಲದ ಮನೆಯಲ್ಲಿ ಪ್ರತಿಯೊಂದೂ ಕೇಳಿಸುತ್ತದೆ.

ಅಜ್ಜಿಯ ಪಾತ್ರ ಮಾಡಿದವರು ಆ ಮನೆಯವರೇ. ಹುಡುಗ ಪಕ್ಕದ ತೋಟದಲ್ಲಿ ಕೆಲಸಕ್ಕಿದ್ದವನು. ಹಾಗೆ ಮಾಡುವ ಧೈರ್ಯ ನಮಗೆ ಕೊಟ್ಟಿದ್ದು 'ತಿಥಿ'. ಮಂಡ್ಯ ಕಡೆಯ ಹಳ್ಳಿಯ ಜನರೇ ನಟಿಸಿದ ಆ ಸಿನಿಮಾ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ತಂದಿತ್ತು. ಆದರೆ ನಟರಲ್ಲದವರನ್ನು ಆಮೇಲೆ ಸ್ಟುಡಿಯೋಗೆ ಕರೆಸಿ, ಪರದೆ ನೋಡುತ್ತಾ ಅದೇ ಮಾತನ್ನು ಮತ್ತೆ ಹೇಳಿ ಅಂದರೆ ಆಗದು. ಡಬ್ಬಿಂಗ್ ಬಿಟ್ಟುಬಿಟ್ಟೆವು. ಸಿಂಕ್ ಸೌಂಡ್ ಒಂದೇ ದಾರಿ. ಅಂದರೆ ಸ್ಥಳದಲ್ಲಿ ಏನು ಸಿಗುತ್ತದೋ ಅದೇ ಸಿನಿಮಾ.

ದಿನಾ ಶಾಟ್‌ಗೆ ಮುಂಚೆ ಫ್ರಿಜ್ ಆಫ್ ಮಾಡಿ ನನ್ನ ಬೈಕ್ ಕೀಲಿಯನ್ನು ಅದರೊಳಗೆ ಇಡುತ್ತಿದ್ದೆ. ಸೌಂಡ್‌ನವರಲ್ಲಿ ಹಳೆಯ ಅಭ್ಯಾಸ ಇದು. ಮನೆಗೆ ಹೊರಡುವಾಗ ಕೀಲಿ ಬೇಕೇ ಬೇಕು, ಆಗ ಫ್ರಿಜ್ ಮತ್ತೆ ಆನ್ ಮಾಡುವುದು ಮರೆಯುವುದಿಲ್ಲ. ಅಜ್ಜಿಯ ಹಾಲು, ಮೊಸರು ಕೆಡಬಾರದು ಅಲ್ವಾ. ಪಕ್ಕದ ಮನೆಯ ಅಡಿಕೆ ಸುಲಿಯುವ ಯಂತ್ರ ಇನ್ನೊಂದು ಕಷ್ಟ. ಬೆಳಿಗ್ಗೆ 10ರಿಂದ 12ರ ತನಕ ನಿಲ್ಲಿಸಿ ಅಂತ ಕೇಳಿಕೊಂಡೆವು. ಅದಕ್ಕೆ ಬದಲಾಗಿ ನಮ್ಮ ಹುಡುಗರು ಸಂಜೆ ಅವರ ಅಂಗಳದ ಅಡಿಕೆ ಬಾಚಿ ಒಳಗೆ ಹಾಕಿ ಬರುತ್ತಿದ್ದರು. ಕತ್ತಲಾಗುತ್ತಿದ್ದಂತೆ ಜೀರುಂಡೆ ಶುರು. ಜೀರುಂಡೆ ಇರುವ ಟೇಕ್‌ಗೂ ಇಲ್ಲದ ಟೇಕ್‌ಗೂ ಕತ್ತರಿ ಹಾಕಿ ಜೋಡಿಸಿದರೆ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ಒಳಮನೆಯ ದೃಶ್ಯಗಳನ್ನೆಲ್ಲ ಬೆಳಿಗ್ಗೆಗೆ ತಂದೆವು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಜ್ಜಿ ಮತ್ತು ಹುಡುಗ ಹತ್ತಿರವಾಗುವುದನ್ನು ತೋರಿಸಲು ಚಿತ್ರಕತೆಯಲ್ಲಿ ಊಟದ ದೃಶ್ಯ ಒಂದಿತ್ತು. ಅಜ್ಜಿ ಒಂದೊಂದನ್ನೇ ತೋರಿಸಿ ಕನ್ನಡದ ಹೆಸರು ಕಲಿಸುವುದು, ಅವನು ತಪ್ಪು ಹೇಳುವುದು. ಅದರ ಹಿಂದಿನ ದಿನ ಜಗಲಿಯಲ್ಲಿ ಇಬ್ಬರೂ ಅಡಿಕೆ ಸುಲಿಯುವ ಶಾಟ್ ತೆಗೆದೆವು. ಎದುರುಬದುರು ಎರಡು ಮೆಟ್ಟುಗತ್ತಿ, ಅಂದರೆ ಕಾಲಲ್ಲಿ ಮೆಟ್ಟಿ ಹಿಡಿದು ಅಡಿಕೆ ಸುಲಿಯುವ ಕತ್ತಿ. ಕ್ಯಾಮೆರಾ ಅಲ್ಲಾಡಿಸದೆ ಹಾಗೇ ಬಿಟ್ಟೆವು. ಅಜ್ಜಿಯ ಕೈಯಲ್ಲಿ ಸಿಪ್ಪೆ ಸರಕ್ ಅಂತ ಬಿಚ್ಚುತ್ತದೆ, ಕಾಯಿ ಟಕ್ ಅಂತ ಬುಟ್ಟಿಗೆ ಬೀಳುತ್ತದೆ. ಸರಕ್, ಟಕ್. ಸರಕ್, ಟಕ್. ಹುಡುಗನದು ನಿಧಾನ, ಅಜ್ಜಿ ಮೂರು ಸುಲಿಯುವಷ್ಟರಲ್ಲಿ ಅವನದು ಒಂದು. ನಾನು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದೆ. ಆರೇಳು ನಿಮಿಷ ಆಗಿರಬೇಕು. ಎಡಗಿವಿಯ ಸದ್ದು ನಿಧಾನವಾಯಿತು. ಬಲಗಿವಿಯದು ಸ್ವಲ್ಪ ಚುರುಕಾಯಿತು. ಕಣ್ಣು ಬಿಟ್ಟು ನೋಡಿದರೆ ಅಜ್ಜಿ ಅವನ ಕೈಯನ್ನೇ ನೋಡುತ್ತಿದ್ದಾರೆ. ಅವನಿಗೋಸ್ಕರ ಕೈ ತಡೆದು ಸುಲಿಯುತ್ತಿದ್ದಾರೆ. ಹಾಗೆ ಮಾಡಿ ಅಂತ ಯಾರೂ ಹೇಳಿರಲಿಲ್ಲ. "ನೋಡು ತಮಾ, ಹಿಂಗೆ" ಅಂದರು, ಅಷ್ಟೇ.

ಎಡಿಟಿಂಗ್ ಹೊತ್ತಿಗೆ ಊಟದ ದೃಶ್ಯ ತೆಗೆದುಹಾಕೋಣ ಅಂತ ನಾನೇ ಹಟ ಹಿಡಿದೆ. ಮೂರು ದಿನ ವಾದ ಆಯಿತು, ಆಮೇಲೆ ತೆಗೆದುಹಾಕಿದರು. ಕೊಳಲಿನ ಹಿನ್ನೆಲೆ ಸಂಗೀತವೂ ಹೋಯಿತು. ನನಗೆ ಈಗಲೂ ಅನ್ನಿಸುವುದು ಇದೇ. ಒಂಟಿತನ ಅಂದರೆ ಮನೆಯಲ್ಲಿ ಒಬ್ಬರದೇ ಹೆಜ್ಜೆ, ಒಂದೇ ಲೋಟದ ಸದ್ದು. ಎರಡನೆಯ ಸದ್ದು ಕೇಳಿದ ಕೂಡಲೇ ನೋಡುವವರಿಗೆ ಎಲ್ಲ ಅರ್ಥವಾಗುತ್ತದೆ. ಅಲ್ಲಿ ಕೊಳಲು ಊದಿದರೆ ಅದನ್ನು ನಂಬದ ಹಾಗೆ.

ನನ್ನಿಂದ ಒಂದು ತಪ್ಪೂ ಆಯಿತು. ಪ್ರತಿ ಕೋಣೆಯಲ್ಲೂ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಒಂದು ನಿಮಿಷ ಖಾಲಿ ಸದ್ದು ರೆಕಾರ್ಡ್ ಮಾಡಿಕೊಳ್ಳಬೇಕು. ರೂಮ್ ಟೋನ್ ಅನ್ನುತ್ತೇವೆ. ಮಾತಿನ ನಡುವೆ ಕತ್ತರಿ ಬಿದ್ದ ಜಾಗವನ್ನು ಅದರಿಂದಲೇ ತುಂಬುವುದು. ಅಡುಗೆಮನೆಯದನ್ನು ಅವಸರದಲ್ಲಿ ಬಿಟ್ಟಿದ್ದೆ. ಜೂನ್‌ನಲ್ಲಿ ಮತ್ತೆ ಹೋದರೆ ಹಂಚಿನ ಮೇಲೆ ಮಳೆ ಬಿಟ್ಟು ಬೇರೇನೂ ಕೇಳುವುದಿಲ್ಲ. ಕೊನೆಗೆ ಇದ್ದ ಟೇಕ್‌ಗಳಲ್ಲೇ ಇಬ್ಬರೂ ಸುಮ್ಮನಿದ್ದ ಅರ್ಧರ್ಧ ಸೆಕೆಂಡುಗಳನ್ನು ಹೆಕ್ಕಿ ಹೊಲಿದೆ. ನಾಲ್ಕು ರಾತ್ರಿ ಹಿಡಿಯಿತು.

ಮೊದಲ ಪ್ರದರ್ಶನದಲ್ಲಿ ಇನ್ನೊಂದು ಪಾಠ. ಸದ್ದುಗಳನ್ನೆಲ್ಲ ಹದವಾಗಿ ಬೆರೆಸುವ ಮಿಕ್ಸಿಂಗ್ ಮಾಡುವುದು ಥಿಯೇಟರಿನ ಫೇಡರ್, ಅಂದರೆ ಸದ್ದು ಏರಿಸಿ ಇಳಿಸುವ ಗುಂಡಿ, 7ರಲ್ಲಿ ಇರುತ್ತದೆ ಅನ್ನುವ ಲೆಕ್ಕದಲ್ಲಿ. ಆದರೆ ಜಾಹೀರಾತು, ಟ್ರೇಲರ್ ಅಬ್ಬರ ಜಾಸ್ತಿ ಅಂತ ಎಷ್ಟೋ ಕಡೆ ಅದನ್ನು ಇಳಿಸಿಟ್ಟಿರುತ್ತಾರೆ. ಗಲಾಟೆಯ ಸಿನಿಮಾಕ್ಕೆ ಅದು ನಡೆಯುತ್ತದೆ. ನಮ್ಮದರಲ್ಲಿ ಗೋಡೆ ಗಡಿಯಾರವೇ ಕೇಳಲಿಲ್ಲ. ಕತ್ತಲಲ್ಲೇ ಎದ್ದು ಪ್ರೊಜೆಕ್ಷನ್ ರೂಮಿಗೆ ಓಡಿದೆ. ಆಪರೇಟರ್ ಒಳ್ಳೆಯವರು, ಮರುಮಾತಿಲ್ಲದೆ 4ರಿಂದ 7ಕ್ಕೆ ಏರಿಸಿದರು. ನಾನು ವಾಪಸ್ ಬಂದು ಬಾಗಿಲ ಹತ್ತಿರವೇ ನಿಂತೆ. ಜಗಲಿಯ ಶಾಟ್ ಶುರುವಾಗಿತ್ತು. ಮೂರನೇ ಸಾಲಿನಲ್ಲಿ ಅಜ್ಜಿ ಕೂತಿದ್ದರು, ಪಕ್ಕದಲ್ಲಿ ಹುಡುಗ. ಸಿಪ್ಪೆ ಬಿಚ್ಚಿದಾಗಲೆಲ್ಲ ಅಜ್ಜಿಯ ಕೈ ತೊಡೆಯ ಮೇಲೆ ತನ್ನಷ್ಟಕ್ಕೇ ಅಲ್ಲಾಡುತ್ತಿತ್ತು.