ಮಾವನ ಎಕ್ಸರ್‌ಸೈಜ್‌ಗೆ ಮುಂಚೆ ಸೊಸೆ ದಿನಚರಿ ಕೇಳ್ಬೇಕಿತ್ತು

ನಾನು ಫಿಸಿಯೋಥೆರಪಿಸ್ಟ್, ತುಮಕೂರು ಸುತ್ತಮುತ್ತ 11 ವರ್ಷದಿಂದ ಮನೆಮನೆಗೆ ಹೋಗಿ ಪೇಷೆಂಟ್ ನೋಡ್ತೀನಿ, ಜಾಸ್ತಿ ಸ್ಟ್ರೋಕ್ ಆದವರೇ, ನಮ್ಮ ಕಡೆ ಲಕ್ವ ಹೊಡೀತು ಅಂತಾರೆ. ಶುರುನಲ್ಲಿ ನಾನು ಮಾಡ್ತಿದ್ದ ಒಂದು ತಪ್ಪು ನನಗೆ ಗೊತ್ತಾಗಿದ್ದು ಗುಬ್ಬಿ ಹತ್ರ ಒಂದು ತೋಟದ ಮನೇಲಿ.

ಯಜಮಾನ್ರಿಗೆ 60 ದಾಟಿತ್ತು. ಮೆದುಳಿನ ಎಡಭಾಗಕ್ಕೆ ಪೆಟ್ಟಾಗಿ ಬಲಗೈ ಬಲಗಾಲು ಬಿದ್ದೋಗಿತ್ತು, ಮಾತೂ ನಿಂತಿತ್ತು. ಬೆಳಿಗ್ಗೆ ಬಾಯಿ ಸೊಟ್ಟಗಾಗಿದ್ದು ನೋಡಿ ಮೊದಲು ಯಾರೋ ಪಾರಿವಾಳದ ರಕ್ತ ತಂದು ಹಚ್ಚಿದ್ರಂತೆ, ಆಸ್ಪತ್ರೆ ಮುಟ್ಟೋ ಹೊತ್ತಿಗೆ ಸಂಜೆ. ಮೆದುಳಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್‌ನ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡಬೇಕು, ಆ ಟೈಮ್ ಮುಗಿದೇ ಹೋಗಿತ್ತು. ಈ ಮಾತು ಅವರ ಮುಂದೆ ನಾನು ಯಾವತ್ತೂ ಎತ್ತಿಲ್ಲ, ಅವರ ಹೆಂಡ್ತಿ, ಅಂದ್ರೆ ಸೊಸೆಯ ಅತ್ತೆ, ಒಬ್ಬರೇ ಕೂತಾಗ ತಾವೇ ಎತ್ಕೊಂಡು ಅಳ್ತಿದ್ರು, ಅಷ್ಟು ಸಾಕು.

ಮೊದಲ ದಿನ 14 ಎಕ್ಸರ್‌ಸೈಜ್ ಇರೋ ಶೀಟ್ ಸೊಸೆ ಕೈಗೆ ಕೊಟ್ಟು, ದಿನಕ್ಕೆ ಮೂರು ಸಲ ಮಾಡ್ಸಿ ಅಂತ ಹೇಳಿ ಬಂದೆ. ಮೂರು ವಾರ ಬಿಟ್ಟು ಹೋದ್ರೆ ಶೀಟು ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದೆ, ಮಾವನ ಬಲಭುಜದ ಕೀಲು ಒಂದು ಬೆರಳಷ್ಟು ಕೆಳಗೆ ಜಾರಿದೆ, ಯಾಕಂದ್ರೆ ಎಬ್ಬಿಸೋವಾಗೆಲ್ಲ ಆ ಸತ್ತ ಕೈನೇ ಹಿಡಿದು ಎಳೀತಿದ್ರು. ಎಳೆದೂ ಎಳೆದೂ ಸೊಸೆಗೂ ಸೊಂಟ ಹಿಡ್ಕೊಂಡಿದೆ. ನಾನು ಗದರಿದೆ. ಆಕೆ ಏನೂ ಅನ್ನಲಿಲ್ಲ, ಕಾಫಿ ತಂದುಕೊಟ್ಟು ಬಾಗಿಲಿಗೆ ಒರಗಿ ನಿಂತ್ರು, ನೋಡಿದ್ರೆ ನಿಂತಲ್ಲೇ ತೂಕಡಿಕೆ.

"ಅಕ್ಕಾ, ರಾತ್ರಿ ಎಷ್ಟೊತ್ತು ಮಲಗ್ತೀರಾ?" ಅಂದೆ.

"ಎಲ್ಲಿ ಮಲಗೋದು ಮೇಡಂ, ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸಿ ಅಂದೋರು ನೀವೇ ಅಲ್ವಾ."

ಆವತ್ತು ಎಕ್ಸರ್‌ಸೈಜ್ ಮಾಡಿಸಲೇ ಇಲ್ಲ. ಹಾಲು ಕರೆಯೋದ್ರಿಂದ ಹಿಡಿದು ರಾತ್ರಿ ಡೈಪರ್‌ವರೆಗೂ ಅವರ ಇಡೀ ದಿನ ಕೇಳಿ ಬರ್ಕೊಂಡೆ, ಆಮೇಲೆ ಎಕ್ಸರ್‌ಸೈಜನ್ನ ಆ ಕೆಲಸದ ಒಳಗೇ ತೂರಿಸಿದೆ. ಡೈಪರ್ ಹಾಕೋವಾಗ ಎರಡೂ ಮೊಣಕಾಲು ಮಡಿಸಿ ಪಾದ ಹಾಸಿಗೆ ಮೇಲೆ ಊರಿಸಿ "ಮಾವ, ಸೊಂಟ ಎತ್ತಿ" ಅನ್ನೋದು, ಹೇಗಿದ್ರೂ ದಿನಕ್ಕೆ ಐದಾರು ಸಲ ಆಗೋ ಕೆಲಸ, ಶೀಟಲ್ಲಿ ನಾಲ್ಕನೇ ನಂಬರ್ ಇದ್ದಿದ್ದೂ ಅದೇ! ಅವರು ಸ್ವಲ್ಪ ಎತ್ತಿದ್ರೂ ಈಕೆ ಸೊಂಟದ ಭಾರ ಅಷ್ಟು ಕಮ್ಮಿ. ಎಬ್ಬಿಸೋವಾಗ ಕೈ ಮುಟ್ಟಂಗಿಲ್ಲ, ಪಕ್ಕಕ್ಕೆ ಹೊರಳಿಸಿ, ಕಾಲು ಕೆಳಗಿಳಿಸಿ, ಸೊಂಟಕ್ಕೆ ಕಟ್ಟಿದ ಟವಲ್ ಹಿಡಿದು ಎತ್ಬೇಕು. ಮಂಚ ತಗ್ಗಿತ್ತು, ನಾಲ್ಕು ಕಾಲಿಗೂ ಇಟ್ಟಿಗೆ ಕೊಟ್ವಿ. ನೀರು ಕುಡಿಸಿದ್ರೆ ಕೆಮ್ಮು ಬರ್ತಿತ್ತು, ಹಂಗಾದ್ರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು, ಅದಕ್ಕೆ ನುಂಗೋದನ್ನ ಟೆಸ್ಟ್ ಮಾಡಿಸೋಕೆ ಸ್ಪೀಚ್ ಥೆರಪಿಸ್ಟ್ ಹತ್ರ ಕಳಿಸಿದೆ. ಮಲಗಿಸಿ ಏನೂ ಕೊಡಬೇಡಿ, ಊಟ ಆದ್ಮೇಲೂ ಅರ್ಧ ಗಂಟೆ ಕೂರಿಸಿರಿ ಅಂದೆ.

ಇದಕ್ಕಿಂತ ಕಷ್ಟ ಆಗಿದ್ದು ಮಾತಿನ ವಿಷಯ. ಹೆಂಡ್ತಿ ಹೆಸರು ಹೇಳೋಕೆ ಬಾಯಿ ಬರ್ತಿರಲಿಲ್ಲ, ಆದ್ರೆ ಲೋಟ ಕೈ ತಪ್ಪಿದ್ರೆ "ಥೂ ಮುಂಡೇದೆ" ಅಂತ ಸ್ಪಷ್ಟವಾಗಿ ಬರ್ತಿತ್ತು. ನನ್ನ ಹೆಸರು ಬರಲ್ಲ ಬೈಗುಳ ಬರುತ್ತೆ, ಬೇಕು ಅಂತಲೇ ಮಾಡ್ತಾರೆ ಅಂತ ಅತ್ತೆ ಎರಡು ದಿನ ಮಾತೇ ಬಿಟ್ಟಿದ್ರಂತೆ. ಬೈಗುಳ, ಭಜನೆ, ವಾರಗಳ ಹೆಸರು ಇವೆಲ್ಲ ಬಾಯಿಪಾಠದ ಥರ ತಾನಾಗೇ ಬರೋ ಮಾತು, ಯೋಚಿಸಿ ಆಡೋ ಮಾತು ಹೋದ್ರೂ ಇವು ಉಳಿಯಬಹುದು. ಬಾಯಲ್ಲಿ ಹೇಳಿದ್ರೆ ಅತ್ತೆ ನಂಬಲಿಲ್ಲ. ನಾನೇ ಅವರ ಪಕ್ಕ ಕೂತು "ಸೋಮವಾರ, ಮಂಗಳವಾರ" ಅಂತ ಶುರು ಮಾಡಿ ನಿಲ್ಲಿಸಿದೆ, "ಬುಧವಾರ" ಅಂತ ಅವರಿಂದ ಬಂತು. ಅತ್ತೆ ಸೆರಗು ಬಾಯಿಗೆ ಇಟ್ಕೊಂಡ್ರು.

ಇನ್ನು ಬೆಂಗಳೂರಲ್ಲಿರೋ ಚಿಕ್ಕ ಮಗ. ದಿನಾ ರಾತ್ರಿ ವಿಡಿಯೋ ಕಾಲ್ ಮಾಡಿ "ಇಂಪ್ರೂವ್‌ಮೆಂಟ್ ಇದ್ಯಾ ಅತ್ತಿಗೆ" ಅನ್ನೋದು, ವಾಟ್ಸಾಪಲ್ಲಿ ಬಂದ ಎಣ್ಣೆ ಮಸಾಜ್ ವಿಡಿಯೋ ಕಳಿಸೋದು. ಇಂಥೋರು ಪ್ರತಿ ಮನೇಲೂ ಒಬ್ರು ಇರ್ತಾರೆ. ನಾನು ಫೋನ್ ತಗೊಂಡು, ಸರ್ ಒಂದು ಶನಿವಾರ ರಾತ್ರಿ ನೀವು ನೋಡ್ಕೊಳ್ಳಿ ಅಂದೆ ಅಷ್ಟೇ. ಬಂದ್ರು, ಹತ್ತು, ಹನ್ನೆರಡು, ಎರಡು, ನಾಲ್ಕು ಅಂತ ಅಲಾರಂ ಇಟ್ಕೊಂಡು ಎದ್ರು. ಬುಧವಾರ, ಮಲಗಿದಲ್ಲೇ ಮೈ ಹುಣ್ಣಾಗದಿರಲಿ ಅಂತ ಹಾಸೋ ಏರ್ ಬೆಡ್ ಬಂತು. ಅದು ಬಂದ್ರೂ ಮಗ್ಗುಲು ಬದಲಾಯಿಸೋದು ತಪ್ಪಲ್ಲ, ಆದ್ರೆ ವಿಡಿಯೋ ಕಳಿಸೋದು ನಿಂತು ತಿಂಗಳಿಗೆ ಎರಡು ಶನಿವಾರ ಬರೋಕೆ ಶುರು ಮಾಡಿದ್ರು. ದೊಡ್ಡ ಮಗನೂ ನಾಚ್ಕೊಂಡು ರಾತ್ರಿ ಹನ್ನೆರಡು, ಎರಡು ಗಂಟೆ ಪಾಳಿ ತಗೊಂಡ್ರು.

ಭುಜದ ನೋವು ಪೂರ್ತಿ ಹೋಗಲೇ ಇಲ್ಲ, ಆ ಮೂರು ವಾರ ನನ್ನ ಲೆಕ್ಕಕ್ಕೇ. ಯಜಮಾನ್ರು ಕೋಲು ಹಿಡಿದು ಹಜಾರದವರೆಗೆ ನಡೆಯೋಕೆ ಐದು ತಿಂಗಳು ಹಿಡೀತು. ಆಮೇಲೆ ಸೊಸೆ ತವರಿಗೆ ಜಾತ್ರೆಗೆ ಅಂತ ನಾಲ್ಕು ದಿನ ಹೋಗಿ ಬಂದ್ರು. ಅಲ್ಲಿಂದ ಒಂದೇ ಸಲ ಫೋನ್ ಮಾಡಿದ್ರಂತೆ, ಅದೂ ಹಸು ಸರಿಯಾಗಿ ಹಾಲು ಕೊಡ್ತಿದ್ಯಾ ಅಂತ ಕೇಳೋಕೆ.